ವಿಟಮಿನ್ ಗುಳಿಗೆ: ಯಾರಿಗೆ ಬೇಕು, ಯಾರಿಗೆ ಬೇಡ?

ಗಲ್ಫ್‌ನಿಂದ ರಜೆಯಲ್ಲಿ ಬಂದವರ ಪೆಟ್ಟಿಗೆ ಬಿಚ್ಚುವಾಗ ಹಾಲಿನ ಪುಡಿ, ಖರ್ಜೂರ, ಅತ್ತರುಗಳ ನಡುವೆ ಒಂದೆರಡು ವಿಟಮಿನ್ ಡಬ್ಬಿಗಳೂ ಹೊರಬರುತ್ತವೆ. "ಫೋನಿನಲ್ಲಿ ಯಾವಾಗಲೂ ಸುಸ್ತು ಅನ್ನುತ್ತಿದ್ದೆಯಲ್ಲ, ದಿನಕ್ಕೊಂದು ನುಂಗು" ಎಂಬ ಪ್ರೀತಿಯ ಮಾತೂ ಜೊತೆಗಿರುತ್ತದೆ. ಮರುದಿನದಿಂದ ಅತ್ತೆ, ಸೊಸೆ, ಶಾಲೆಗೆ ಹೋಗುವ ಮಕ್ಕಳು ಎಲ್ಲರಿಗೂ ಅದೇ ಡಬ್ಬಿಯಿಂದ ಹಂಚಿಕೆ. ತಂದವರ ಪ್ರೀತಿಯಲ್ಲಿ ಸಂಶಯವಿಲ್ಲ. ಆದರೆ ಆ ಗುಳಿಗೆಯಿಂದ ಸುಸ್ತು ಹೋಗುತ್ತದೆಯೇ?

ವಿಟಮಿನ್ ಎಂದರೆ ಶಕ್ತಿಯ ಔಷಧಿ ಎಂದು ಹಲವರು ನಂಬಿದ್ದಾರೆ. ವಾಸ್ತವದಲ್ಲಿ ಶಕ್ತಿ ಬರುವುದು ಆಹಾರದಿಂದ. ಅದನ್ನು ದೇಹ ಬಳಸಿಕೊಳ್ಳಲು ವಿಟಮಿನ್‌ಗಳು ನೆರವಾಗುತ್ತವೆ; ಅದಕ್ಕೆ ಅತ್ಯಲ್ಪ ಪ್ರಮಾಣ ಸಾಕು. ಸಾಕಷ್ಟು ಇರುವಾಗ ಇನ್ನಷ್ಟು ನುಂಗಿದರೆ ಇನ್ನಷ್ಟು ಬಲ ಬರುವುದಿಲ್ಲ. ಬಿ ಮತ್ತು ಸಿ ವಿಟಮಿನ್‌ಗಳು ನೀರಿನಲ್ಲಿ ಕರಗುವುದರಿಂದ ಹೆಚ್ಚಾದುದು ಬಹುಮಟ್ಟಿಗೆ ಮೂತ್ರದಲ್ಲಿ ಹೊರಹೋಗುತ್ತದೆ. ಬಿ-ಕಾಂಪ್ಲೆಕ್ಸ್ ನುಂಗಿದ ದಿನ ಮೂತ್ರ ಗಾಢ ಹಳದಿಯಾಗುವುದು ಅದಕ್ಕೇ. ಎ, ಡಿ, ಇ, ಕೆ ಹಾಗಲ್ಲ. ಅವು ಕೊಬ್ಬಿನಲ್ಲಿ ಕರಗುವಂಥವು. ಅವುಗಳಲ್ಲಿ ಎ ಮತ್ತು ಡಿ ದೇಹದಲ್ಲಿ ಶೇಖರವಾಗಿ, ಅತಿಯಾದರೆ ವಿಷವಾಗಬಲ್ಲವು.

"ತಿಂದರೆ ನಷ್ಟವೇನು?" ಎಂದು ಕೇಳುವವರಿದ್ದಾರೆ. ಫಿನ್ಲೆಂಡ್‌ನಲ್ಲಿ ಸುಮಾರು 29 ಸಾವಿರ ಧೂಮಪಾನಿ ಪುರುಷರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಹೊರಬಂತು. ಬೀಟಾ ಕ್ಯಾರೊಟಿನ್ ಗುಳಿಗೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ 25,871 ಮಂದಿಯ ಮೇಲೆ ನಡೆದ ಇನ್ನೊಂದು ಅಧ್ಯಯನದ ಪ್ರಕಾರ (2018) ವಿಟಮಿನ್ ಡಿ ಗುಳಿಗೆಯಿಂದ ಹೃದ್ರೋಗವಾಗಲಿ ಕ್ಯಾನ್ಸರ್ ಆಗಲಿ ತಗ್ಗಲಿಲ್ಲ.

ಹಾಗಾದರೆ ಗುಳಿಗೆಗಳೆಲ್ಲ ವ್ಯರ್ಥವೇ? ಖಂಡಿತ ಅಲ್ಲ. ಕೊರತೆ ಇರುವವರಿಗೆ ಅವು ಬೇಕೇ ಬೇಕು.

ಗರ್ಭಿಣಿಯಾಗಲು ಬಯಸುವ ಮಹಿಳೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಅಗತ್ಯ. ಮಗುವಿನ ಮೆದುಳು ಮತ್ತು ಬೆನ್ನುಹುರಿಯ ಗಂಭೀರ ದೋಷಗಳನ್ನು ಇದು ಬಹಳಷ್ಟು ತಡೆಯುತ್ತದೆಂದು 1991ರಲ್ಲೇ ಸಿದ್ಧವಾಗಿದೆ. ಆ ಭಾಗಗಳು ರೂಪುಗೊಳ್ಳುವುದು ಮೊದಲ ನಾಲ್ಕು ವಾರಗಳಲ್ಲಿ, ಅಂದರೆ ಎಷ್ಟೋ ಮಂದಿಗೆ ಗರ್ಭ ನಿಂತದ್ದೇ ತಿಳಿಯುವ ಮೊದಲು. ಆದ್ದರಿಂದ ಗರ್ಭಧಾರಣೆಗೆ ಮುಂಚೆಯೇ ಆರಂಭಿಸಬೇಕು.

ಇನ್ನು ಕಬ್ಬಿಣಾಂಶ. ಇದು ವಿಟಮಿನ್ ಅಲ್ಲ, ಖನಿಜ. ಆದರೆ ನಮ್ಮ ಮಹಿಳೆಯರ ಸುಸ್ತಿಗೆ ಇದರ ಕೊರತೆಯೇ ಅನೇಕ ಬಾರಿ ಕಾರಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳು! ಹಲವು ವಿಟಮಿನ್ ಗುಳಿಗೆಗಳಲ್ಲಿ ಕಬ್ಬಿಣಾಂಶ ಇರುವುದೇ ಇಲ್ಲ, ಇದ್ದರೂ ರಕ್ತಹೀನತೆ ಗುಣಪಡಿಸುವಷ್ಟಿರುವುದಿಲ್ಲ. ಗರ್ಭಿಣಿಯರಿಗೆಂದು ಸರಕಾರ ಕನಿಷ್ಠ 180 ದಿನ ಉಚಿತವಾಗಿ ಕೊಡುವ ಕೆಂಪು ಗುಳಿಗೆಯಲ್ಲಿ ಕಬ್ಬಿಣಾಂಶ, ಫೋಲಿಕ್ ಆಸಿಡ್ ಎರಡೂ ಇವೆ. ವಿಪರ್ಯಾಸವೆಂದರೆ ದುಬಾರಿ ಡಬ್ಬಿ ಖಾಲಿಯಾಗುತ್ತದೆ, ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಗುಳಿಗೆ ಕಪಾಟಿನಲ್ಲೇ ಉಳಿಯುತ್ತದೆ. ಮಲ ಕಪ್ಪಾಯಿತೆಂದು ಹೆದರಿ ನಿಲ್ಲಿಸುವವರೂ ಇದ್ದಾರೆ. ಅದು ಕಬ್ಬಿಣಾಂಶದ ಸಹಜ ಪರಿಣಾಮ, ಭಯ ಬೇಡ. ಚಹಾದ ಜೊತೆ ಮಾತ್ರ ನುಂಗಬೇಡಿ. ನಿಂಬೆ ಶರಬತ್ತಿನೊಂದಿಗೆ ನುಂಗಿದರೆ ಚೆನ್ನಾಗಿ ಹೀರಿಕೊಳ್ಳುತ್ತದೆ.

ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಸೇವಿಸುವ ಹಿರಿಯರಲ್ಲಿ ವಿಟಮಿನ್ ಬಿ-12 ಕುಸಿಯಬಹುದು. ಕಾಲು ಜೋಮು ಹಿಡಿಯುತ್ತಿದ್ದರೆ ವೈದ್ಯರಿಗೆ ತಿಳಿಸಿ. ಮನೆಯೊಳಗೇ ಇರುವ ಅಥವಾ ಹೊರಗೆ ಹೋದಾಗ ಮೈತುಂಬ ಉಡುವ ಮಹಿಳೆಯರಿಗೆ ವಿಟಮಿನ್ ಡಿ ಕೊರತೆ ಸಾಮಾನ್ಯ. ಪರದೆ ಇದಕ್ಕೆ ಅಡ್ಡಿಯಲ್ಲ. ಹಿತ್ತಿಲು ಅಥವಾ ತಾರಸಿಯ ಮರೆಯಲ್ಲಿ ಕೈಕಾಲುಗಳಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಲಿ. ಆದರೆ ವೈದ್ಯರು ವಾರಕ್ಕೊಮ್ಮೆ ಬರೆದುಕೊಟ್ಟ 60,000 ಯೂನಿಟ್‌ನ ವಿಟಮಿನ್ ಡಿಯನ್ನು ದಿನವೂ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಹಾನಿಯಾಗಬಹುದು. ಕಾಡ್ ಲಿವರ್ ಎಣ್ಣೆಯಲ್ಲಿ ವಿಟಮಿನ್ ಎ ಹೇರಳವಾಗಿದೆ. ಅದು ಅತಿಯಾದರೆ ಗರ್ಭದ ಮಗುವಿಗೆ ಅಪಾಯ. ಆದ್ದರಿಂದ ಗರ್ಭಿಣಿಯರು ಅದನ್ನು ಮುಟ್ಟದಿರುವುದೇ ಒಳ್ಳೆಯದು. ಕ್ಯಾಪ್ಸೂಲ್‌ನ ಹೊದಿಕೆ ಜೆಲಾಟಿನ್‌ನದ್ದಾಗಿದ್ದರೆ ಅದರ ಮೂಲ ಯಾವುದೆಂದೂ ಲೇಬಲ್ ಓದಿ ತಿಳಿಯಿರಿ.

ಆರೋಗ್ಯವಂತರಿಗೆ ನಮ್ಮ ಅಡುಗೆಮನೆಯೇ ಸಾಕು. ಬೂತಾಯಿ ಮೀನಿನಲ್ಲಿ ಬಿ-12, ಡಿ ಎರಡೂ ಇವೆ. ನುಗ್ಗೆ ಸೊಪ್ಪು, ಮೊಟ್ಟೆ, ರಾಗಿ, ನೆಲ್ಲಿಕಾಯಿ ದುಬಾರಿಯೇನಲ್ಲ. ಆದರೆ ಇವು ಯಾರ ತಟ್ಟೆಗೆ ಬೀಳುತ್ತವೆ ಎಂಬುದೇ ಪ್ರಶ್ನೆ. ಎಲ್ಲರಿಗೂ ಬಡಿಸಿ, ಮೀನಿನ ತಲೆ-ಬಾಲ ಮಾತ್ರ ಉಳಿದಾಗ ಊಟಕ್ಕೆ ಕೂರುವ ಗೃಹಿಣಿಯ ಕೊರತೆಯನ್ನು ಯಾವ ಡಬ್ಬಿ ತುಂಬೀತು?

ಶರೀರವು ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್ತು. ಅದರ ಕಾಳಜಿ ಸ್ವಾರ್ಥವಲ್ಲ, ಹೊಣೆಗಾರಿಕೆ. ದುಂದುವೆಚ್ಚ ಧರ್ಮಕ್ಕೆ ಒಪ್ಪುವಂಥದ್ದಲ್ಲ, ಚಿಕಿತ್ಸೆಯಲ್ಲಿ ಉದಾಸೀನವೂ ಸಲ್ಲದು. ಮುಂದಿನ ಸಲ ಸುಸ್ತು ಎನಿಸಿದಾಗ ಡಬ್ಬಿ ತೆರೆಯುವ ಮೊದಲು ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಅಂದಿನ ರಾತ್ರಿ ಮನೆಯವರೊಂದಿಗೇ ಊಟಕ್ಕೆ ಕುಳಿತುಕೊಳ್ಳಿ.