ಹೊಲಿದ ಕಚ್ಚೆ

ಮೊನ್ನೆ ನಮ್ಮ ಅಕ್ಕನ ಮೊಮ್ಮಗಳ ಮದುವೆ. ಧಾರೆಗೆ ಕಚ್ಚೆ ಸೀರೆಯೇ ಆಗಬೇಕು, ಅದು ನಮ್ಮ ಮನೆಯ ಸಂಪ್ರದಾಯ ಎಂದು ಹುಡುಗಿಯ ತಾಯಿ ಹಟ ಹಿಡಿದಿದ್ದಳೆಂದು ಕೇಳಿ ನನಗೆ ಸಂತೋಷವೇ ಆಗಿತ್ತು. ಛತ್ರದಲ್ಲಿ ಹೆಣ್ಣಿನ ಕೋಣೆಗೆ ಹೋಗಿ ನೋಡುತ್ತೇನೆ: ಹದಿನೆಂಟು ಮೊಳದ ರೇಷ್ಮೆಯನ್ನು ಕತ್ತರಿಸಿ, ಷರಾಯಿಯಂತೆ ಎರಡು ಕಾಲು ಹೊಲಿಸಿ, ಸೊಂಟಕ್ಕೆ ಜಿಪ್ಪು ಹಚ್ಚಿದ ಒಂದು ಉಡುಪನ್ನು ಹುಡುಗಿಗೆ ತೊಡಿಸುತ್ತಿದ್ದಾರೆ! ‘ಉಡಿಸುತ್ತಿದ್ದಾರೆ’ ಎನ್ನಲು ನನ್ನ ಲೇಖನಿ ಒಪ್ಪದು. ಸೀರೆಯನ್ನು ಉಡುತ್ತೇವೆ, ರವಿಕೆಯನ್ನು ತೊಡುತ್ತೇವೆ. ಕನ್ನಡಕ್ಕೆ ಈ ಭೇದ ಗೊತ್ತಿದೆ, ಕನ್ನಡಿಗರಿಗೆ ಮರೆತಿದೆ.

ಅದೇ ಕೋಣೆಯ ಮೂಲೆಯಲ್ಲಿ ನಮ್ಮ ಚಿಕ್ಕಮ್ಮ ಕುಳಿತಿದ್ದರು. ವಯಸ್ಸು ತೊಂಬತ್ತಕ್ಕೆ ಎರಡು ಕಡಮೆ. ಅಕ್ಕನ ಮದುವೆಯಲ್ಲಿ ಅಕ್ಕನಿಗೆ, ನನ್ನ ಮದುವೆಯಲ್ಲಿ ನನಗೆ ಕಚ್ಚೆ ಉಡಿಸಿದವರು ಅವರೇ. ಈಗ ಅವರನ್ನು ಕರೆದವರಿಲ್ಲ. ಹೊಲಿಗೆಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ, “ಇದನ್ನು ಬಿಚ್ಚಿದರೆ ಮತ್ತೆ ಸೀರೆ ಆಗುತ್ತದೇನೆ?” ಎಂದು ನನ್ನನ್ನು ಕೇಳಿದರು. ನಾನು ಉತ್ತರ ಹೇಳಲಿಲ್ಲ. ಫೋಟೋದವರು ಅವಸರಪಡಿಸುತ್ತಿದ್ದರು.

ಕಚ್ಚೆಗೆ ದರ್ಜಿ ಬೇಡ, ಲಂಗ ಬೇಡ, ಪಿನ್ನು ಬೇಡ. ಸೊಂಟಕ್ಕೆ ಸುತ್ತಿ ಒಂದು ಗಂಟು, ಮುಂದೆ ನೆರಿಗೆ, ನಡುವಿನ ಬಟ್ಟೆಯನ್ನು ಕಾಲ ಸಂದಿನಿಂದ ಹಿಂದಕ್ಕೆಳೆದು ಸಿಕ್ಕಿಸಿದರೆ ಕಚ್ಚೆ, ಉಳಿದದ್ದು ಸೆರಗು. ಅದನ್ನುಟ್ಟೇ ನಮ್ಮ ಹಿರಿಯರು ಬಾವಿಯಿಂದ ನೀರು ಸೇದಿದರು, ಒರಳಿನಲ್ಲಿ ರುಬ್ಬಿದರು. ಉತ್ತರ ಕರ್ನಾಟಕದ ಹೊಲಗಳಲ್ಲಿ ಹೆಂಗಸರು ಕಚ್ಚೆ ಹಾಕಿಯೇ ಕಳೆ ತೆಗೆದರು. ಸಪ್ತಪದಿ ತುಳಿಯುವ, ಕಲ್ಲಿನ ಮೇಲೆ ಕಾಲಿಡುವ ಹುಡುಗಿಯ ಕಾಲಿಗೂ ಆ ಬಿಡುವು ಬೇಕಲ್ಲವೆ? ಬಿಚ್ಚಿ, ಗಾಳಿಗೆ ಹಾಕಿ, ಮಡಿಸಿಟ್ಟರೆ ತೆಳ್ಳನೆಯ ಮೊಮ್ಮಗಳಿಗೂ ದಪ್ಪನೆಯ ಅಜ್ಜಿಗೂ ಅದೇ ಸೀರೆ. ಕತ್ತರಿ ತಗುಲಿದ ದಿನವೇ ಅದು ಒಂದು ಸೊಂಟದ ಸೊತ್ತು. ಒಂದು ಹೆರಿಗೆಯಾದರೆ ಆ ಸೊಂಟಕ್ಕೂ ಸಲ್ಲದು.

ಕಾಲ ಬದಲಾಗಿದೆ ಎನ್ನುವವರೊಡನೆ ನನಗೆ ಜಗಳವಿಲ್ಲ. ಲಂಗದ ಮೇಲೆ ನಾವು ಉಡುವ ಆರು ಗಜದ ಸೀರೆಯೇನು ಸನಾತನವೆ? ಮುಂದೆ ನಮ್ಮ ಕಾರವಾರದಲ್ಲಿಯೂ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥ ಠಾಕೂರರ ಪತ್ನಿ ಜ್ಞಾನದಾನಂದಿನೀ ದೇವಿ 1864ರಲ್ಲಿ ಮುಂಬಯಿಗೆ ಬಂದು, ಪಾರ್ಸಿ ಹೆಂಗಸರ ರೀತಿಯನ್ನು ಕಂಡು ತಿದ್ದಿಕೊಂಡು, ಲಂಗ ರವಿಕೆಗಳೊಡನೆ ಉಟ್ಟ ಬಗೆ ಬಂಗಾಳದ ವಿದ್ಯಾವಂತರ ಮನೆಗಳಲ್ಲಿ ಹರಡಿತು. ಹೆಂಗಸು ಹೊಸಲು ದಾಟಬೇಕೆಂದು ಮಾಡಿದ ಬದಲಾವಣೆ ಅದು. ಹೊಸದನ್ನು ಹೊಸದೆಂದೇ ಉಟ್ಟರು. ನಾವಾದರೋ ಜಿಪ್ಪು ಎಳೆದು ‘ಸಂಪ್ರದಾಯ’ ಎನ್ನುತ್ತೇವೆ. ಕಚ್ಚೆಯ ಹಿಂದೆ ಮಡಿಯಿತ್ತು, ಜಾತಿಯಿತ್ತು, ವಿಧವೆಯ ಕೆಂಪು ಸೀರೆಯಿತ್ತು. ಅವು ಹೋದದ್ದು ಒಳ್ಳೆಯದೇ ಆಯಿತು, ಯಾರೂ ಮರಳಿ ತರುವುದು ಬೇಡ. ಹುಡುಗಿಗೆ ಕಚ್ಚೆ ಬೇಡವಾದರೆ ಆರು ಗಜವನ್ನೇ ಉಡಲಿ. ಆದರೆ ಬೇಕೆಂದ ಮೇಲೆ ನಿಜವಾದದ್ದನ್ನೇ ಉಡಿಸಬಾರದೆ?

ಸಮಯವಿಲ್ಲವಂತೆ! ಮುಖಕ್ಕೆ ಬಣ್ಣ ಹಚ್ಚಲು ಎರಡು ಗಂಟೆ ಸಿಕ್ಕಿತು. ಶಾಂತಾಲ್ ಬುಲಾಂಜೆ ಎಂಬ ಫ್ರೆಂಚ್ ವಿದುಷಿ ನಮ್ಮ ದೇಶದಲ್ಲಿ ಅಲೆದು, ಸೀರೆ ಉಡುವ ಬಗೆಗಳನ್ನು ಕಲಿತು, ಚಿತ್ರಸಹಿತ ಬರೆದ ಪುಸ್ತಕ 1997ರಲ್ಲಿ ಪ್ರಕಟವಾಯಿತು. ಆಕೆಗೆ ಕಲಿಸಿದವರು ನಮ್ಮ ಹೆಂಗಸರೇ ಅಲ್ಲವೆ? ದೂರದಿಂದ ಬಂದವಳಿಗೆ ಇದ್ದ ಪುರುಸೊತ್ತು ಪಕ್ಕದಲ್ಲಿ ಕುಳಿತ ನಮಗಿಲ್ಲ.

ನಮಗೆ ಎನ್ನುವಾಗ ನನ್ನನ್ನೂ ಸೇರಿಸಿಯೇ ಹೇಳಿದೆ. ಮದುವೆ ಮುಗಿದ ಸಂಜೆ ಚಿಕ್ಕಮ್ಮನನ್ನು ಮನೆಗೆ ಕರೆತಂದು, ಪೆಟ್ಟಿಗೆಯಿಂದ ನನ್ನ ಧಾರೆ ಸೀರೆ ತೆಗೆದು ಮುಂದಿಟ್ಟೆ. ಗಂಟು ಎಲ್ಲಿ ಬರಬೇಕೆಂಬುದೇ ನನಗೆ ಮರೆತಿತ್ತು. ಅವರ ಕೈ ನಡುಗುತ್ತಿತ್ತು. ಎರಡನೆಯ ಸಲಕ್ಕೆ ಕಚ್ಚೆ ನಿಂತಿತು. ಬರುವ ಭಾನುವಾರ ಕಲಿಯಲು ಬನ್ನಿರೆಂದು ಮನೆಯ ಮೂವರು ಹುಡುಗಿಯರಿಗೆ ಹೇಳಿ ಕಳಿಸಿದ್ದೇನೆ. ಒಬ್ಬಳು ಬರುತ್ತೇನೆ ಎಂದಿದ್ದಾಳೆ.