ಕಲ್ಲನ್ನು ಮುಟ್ಟದ ಕೈಗೆ ಸಾಂದ್ರತೆಯ ಪಾಠ



ಶ್ರೀಮಠದ ಪ್ರಸಾದ ನಿಲಯಗಳಲ್ಲಿ ಉಂಡು, ಅದರ ಶಾಲೆಗಳಲ್ಲಿ ಅಕ್ಷರ ಕಲಿತು, ಇಂದು ನಾಡಿನ ನಾನಾ ಕಡೆಗಳಲ್ಲಿ ನೆಲೆನಿಂತಿರುವ ತಮ್ಮ ಮುಂದೆ ಒಂದು ಪ್ರಶ್ನೆಯನ್ನು ಇಡಬಯಸುತ್ತೇನೆ. ಏಳನೆಯ ತರಗತಿಯ ಮಗುವನ್ನು ಕರೆದು ‘ಸಾಂದ್ರತೆ ಎಂದರೇನು?’ ಎಂದು ಕೇಳಿ ನೋಡಿ. ‘ಏಕಮಾನ ಘನಗಾತ್ರದಲ್ಲಿರುವ ದ್ರವ್ಯರಾಶಿ’ ಎಂಬ ಉತ್ತರ ಒಂದೇ ಉಸಿರಿನಲ್ಲಿ ಬರುತ್ತದೆ. ಬಳಿಕ ಅಂಗಳದ ಕಲ್ಲೊಂದನ್ನು ಅದರ ಕೈಗಿತ್ತು, ‘ಇದರ ಸಾಂದ್ರತೆ ಎಷ್ಟು, ಕಂಡುಹಿಡಿ’ ಎನ್ನಿ. ಮಗು ಕಲ್ಲನ್ನೊಮ್ಮೆ, ತಮ್ಮ ಮುಖವನ್ನೊಮ್ಮೆ ನೋಡುತ್ತದೆ. ಉತ್ತರ ಬಾಯಲ್ಲಿದೆ, ಕೈಯಲ್ಲಿಲ್ಲ. ಇಂತಹ ವಿದ್ಯೆಯನ್ನು ನಾವು ಜ್ಞಾನ ದಾಸೋಹವೆಂದು ಕರೆಯಬಹುದೇ?

ನನ್ನ ವಾದ ಇಷ್ಟೇ: ಆರು, ಏಳು, ಎಂಟನೆಯ ತರಗತಿಗಳಲ್ಲಿ ಘನಗಾತ್ರ, ಸಾಂದ್ರತೆ, ಖನಿಜಗಳ ಗುಣಗಳು ಎಂಬ ಪಾಠಗಳನ್ನು ಬಾಯಿಪಾಠ ಮಾಡಿಸುವ ಪದ್ಧತಿ ನಿಲ್ಲಬೇಕು. ಅದು ಬೋಧನೆಯ ಒಂದು ಸಣ್ಣ ಲೋಪವೆಂದು ತಳ್ಳಿಹಾಕುವಂಥದಲ್ಲ. ಕಾಯಕದ ಹೆಸರಿನಲ್ಲಿ ನಿಂತ ಸಂಸ್ಥೆಗಳಲ್ಲಿ ಕಾಯಕವಿಲ್ಲದ ಕಲಿಕೆ ನಡೆಯುವುದು ತತ್ತ್ವಕ್ಕೇ ಬಗೆಯುವ ದ್ರೋಹವಾಗುತ್ತದೆ.

ಈ ವಿಷಯವು ನಮ್ಮವರಿಗೆ ಹೊಸದೇನಲ್ಲ. ಮೆಟ್ರಿಕ್ ಪದ್ಧತಿ 1958ರಿಂದ ಹಂತಹಂತವಾಗಿ ಜಾರಿಗೆ ಬರುವ ಮುನ್ನ ನಮ್ಮ ಸಂತೆಗಳಲ್ಲಿ ಅಳತೆಯ ಸೇರೂ ಇತ್ತು, ತೂಕದ ಸೇರೂ ಇತ್ತು. ಒಂದು ಸೇರು ರಾಗಿಯೂ ಒಂದು ಸೇರು ಮಂಡಕ್ಕಿಯೂ ಅಳತೆಯಲ್ಲಿ ಸಮವಾದರೂ ತೂಕದಲ್ಲಿ ಸಮವಲ್ಲವೆಂಬುದನ್ನು ಅಕ್ಷರವರಿಯದ ಅಜ್ಜಿಯೂ ಬಲ್ಲಳು. ಸಾಂದ್ರತೆಯೆಂದರೆ ಅದೇ ಅಲ್ಲವೇ? ಅಕ್ಕಸಾಲಿಯು ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ಬಣ್ಣ ನೋಡುವುದು, ಭೂವಿಜ್ಞಾನಿಯು ಖನಿಜವನ್ನು ಬಿಳಿಯ ಬಿಲ್ಲೆಗೆ ತಿಕ್ಕಿ ಒರೆ ನೋಡುವುದು, ಎರಡೂ ಒಂದೇ ವಿದ್ಯೆಯ ಎರಡು ರೂಪಗಳು. ಅಂಬಿಗರ ಚೌಡಯ್ಯನವರು ದೋಣಿಯನ್ನು ನಡೆಸಿದ ಶರಣರು. ಎಷ್ಟು ಭಾರಕ್ಕೆ ದೋಣಿ ಎಷ್ಟು ಮುಳುಗುವುದೆಂಬುದನ್ನು ಅರಿಯದ ಅಂಬಿಗ ಇರಲಾರ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅದನ್ನು ಕಂಡು ಹೆಚ್ಚಿನದನ್ನು ಹಿಂದಿರುಗಿಸಲು ಹೇಳಿದ ಪ್ರಸಂಗವನ್ನು ನಾವು ಪ್ರವಚನಗಳಲ್ಲಿ ಕೇಳುತ್ತಲೇ ಇದ್ದೇವೆ. ಅಳತೆಯು ಆ ತಾಯಿಗೆ ನೀತಿಯೇ ಆಗಿತ್ತು. ಅಂತಹ ಪರಂಪರೆಯ ಮಕ್ಕಳಿಗೆ ನಾವು ಅಳತೆಯ ಜಾಡಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಸೂತ್ರವನ್ನು ಮಾತ್ರ ಬರೆಸುತ್ತಿದ್ದೇವೆ.

ಈ ಪಾಠಕ್ಕೆ ಈ ವಯಸ್ಸೇ ಏಕೆಂದು ಕೆಲವರು ಕೇಳಬಹುದು. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆಯವರು ಮಕ್ಕಳ ಕೈಗೆ ಜೇಡಿಮಣ್ಣಿನ ಉಂಡೆಯನ್ನು ಕೊಟ್ಟು ನಡೆಸಿದ ಪರೀಕ್ಷೆಗಳು ಪ್ರಸಿದ್ಧವಾಗಿವೆ. ಉಂಡೆಯನ್ನು ಲಟ್ಟಿಸಿದರೂ ಮಣ್ಣು ಅಷ್ಟೇ ಎಂಬುದು ಮಗುವಿಗೆ ಮೊದಲು ತಿಳಿಯುತ್ತದೆ. ತೂಕವೂ ಅಷ್ಟೇ ಎಂಬುದು ಅನಂತರ. ಅದು ಮೇಲಕ್ಕೆತ್ತುವ ನೀರೂ ಅಷ್ಟೇ ಎಂಬುದು ಎಲ್ಲಕ್ಕೂ ಕೊನೆಗೆ, ಸುಮಾರು 11-12ರ ವಯಸ್ಸಿನಲ್ಲಿ. ಅಂದರೆ ಘನಗಾತ್ರದ ಅರಿವು ಚಿಗುರುವ ಕಾಲವೇ ಮಾಧ್ಯಮಿಕ ತರಗತಿಗಳ ಕಾಲ. ಭಾರವಾದ ವಸ್ತುವು ಹೆಚ್ಚು ನೀರನ್ನು ಏರಿಸುತ್ತದೆಂದೇ ಬಹುತೇಕ ಮಕ್ಕಳು ನಂಬಿರುತ್ತಾರೆ. ಒಂದೇ ಗಾತ್ರದ ಗಾಜಿನ ಗೋಲಿಯನ್ನೂ ಕಬ್ಬಿಣದ ಗುಂಡನ್ನೂ ಬೇರೆ ಬೇರೆಯಾಗಿ ನೀರಿಗಿಳಿಸಿ, ನೀರು ಸಮನಾಗಿ ಏರಿದ್ದನ್ನು ತಾನೇ ಕಂಡ ಮಗು ಮಾತ್ರ ಆ ನಂಬಿಕೆಯನ್ನು ಬಿಡುತ್ತದೆ. ಕಪ್ಪು ಹಲಗೆಯ ಮೇಲೆ ಹತ್ತು ಸಲ ಬರೆದರೂ ಅದು ಬಿಡದು.

ಈಗ ಆಕ್ಷೇಪಗಳನ್ನು ನೋಡೋಣ.

ಮೊದಲನೆಯದು ಹಣದ ಕೊರತೆ. ಬೇಕಾದುದಾದರೂ ಏನು? ಒಂದು ಅಳತೆ ಜಾಡಿ, ಒಂದು ತಕ್ಕಡಿ, ದಾರ, ನೀರು, ಒಂದು ಅಯಸ್ಕಾಂತ, ಒಂದು ತಾಮ್ರದ ತುಂಡು, ಒಂದು ಮೊಳೆ, ಮೆರುಗು ಹಚ್ಚದ ಬಿಳಿ ಪಿಂಗಾಣಿ ಬಿಲ್ಲೆ. ಗೋಡೆಗೆ ಅಂಟಿಸುವ ಟೈಲ್ಸಿನ ಹಿಂಬದಿಯೇ ಇದಕ್ಕೆ ಸಾಕು. 260 ಗ್ರಾಂ ತೂಗುವ ಕೆಂಗಪ್ಪು ಕಲ್ಲನ್ನು ದಾರಕ್ಕೆ ಕಟ್ಟಿ ಜಾಡಿಗೆ ಇಳಿಸಿದಾಗ ನೀರು 200 ಮಿಲಿಲೀಟರಿನಿಂದ 250ಕ್ಕೆ ಏರಿತೆನ್ನಿ. ಕಲ್ಲಿನ ಘನಗಾತ್ರ 50 ಘನ ಸೆಂಟಿಮೀಟರು, ಸಾಂದ್ರತೆ 5.2. ಅಷ್ಟೇ ಗಾತ್ರದ ಬೆಣಚುಕಲ್ಲು ಸುಮಾರು 132 ಗ್ರಾಂ ಮಾತ್ರ ತೂಗುತ್ತದೆ, ಏಕೆಂದರೆ ಅದರ ಸಾಂದ್ರತೆ 2.65. ಇದು ಸಾಮಾನ್ಯ ಕಲ್ಲಲ್ಲವೆಂದು ಮಗು ತಾನಾಗಿಯೇ ಅರಿಯಿತು. ಆದರೆ ಇದು ಹೆಮಟೈಟೋ, ಮ್ಯಾಗ್ನಟೈಟೋ, ‘ಹುಸಿ ಚಿನ್ನ’ವೆನಿಸಿದ ಪೈರೈಟೋ? ಮೂರರ ಸಾಂದ್ರತೆಯೂ 5ರ ಆಸುಪಾಸಿನಲ್ಲಿಯೇ ಇದೆ. ಒಂದೇ ಗುಣವನ್ನು ನಂಬಿ ತೀರ್ಪು ಕೊಡಲಾಗದೆಂಬ ದೊಡ್ಡ ಪಾಠ ಇಲ್ಲಿಯೇ ದೊರೆಯಿತು. ಪೈರೈಟಿನ ಹಿತ್ತಾಳೆಯಂತಹ ಹಳದಿ ಹೊಳಪು ಕಣ್ಣಿಗೇ ಕಾಣುತ್ತದೆ. ಬಿಲ್ಲೆಗೆ ತಿಕ್ಕಿದರೆ ಅದರ ಒರೆ ಹಸಿರು ಬೆರೆತ ಕಪ್ಪು. ಹೆಮಟೈಟಿನ ಒರೆ ಕೆಂಗಂದು, ಮ್ಯಾಗ್ನಟೈಟಿನದು ಕಪ್ಪು. ಅಯಸ್ಕಾಂತವು ಮ್ಯಾಗ್ನಟೈಟನ್ನು ಬಲವಾಗಿ ಸೆಳೆಯುತ್ತದೆ. ಕುರುಹನ್ನು ಹಿಡಿದು ಅರಿವಿನೆಡೆಗೆ ನಡೆಯುವುದೆಂದರೆ ಇದೇ. ಹೆಬ್ಬಾಗಿಲಿನ ಕಮಾನಿಗೆ ಅಮೃತಶಿಲೆಯನ್ನು ಹೊದಿಸಲು ದಾನಿಗಳು ದೊರೆಯುವ ನಾಡಿನಲ್ಲಿ ನಲವತ್ತು ಅಳತೆ ಜಾಡಿಗಳಿಗೆ ಹಣವಿಲ್ಲವೆಂದರೆ ನಂಬುವುದು ಹೇಗೆ?

ಎರಡನೆಯ ಆಕ್ಷೇಪ, ಮಾದರಿ ಕಲ್ಲುಗಳು ಎಲ್ಲಿವೆಯೆಂಬುದು. ಕರ್ನಾಟಕದವರು ಆಡಬಾರದ ಮಾತಿದು. ಭೂವಿಜ್ಞಾನಿಗಳು ಲೋಕಕ್ಕೆ ಪರಿಚಯಿಸಿದ ಪ್ರಾಚೀನ ಶಿಲಾಸಮೂಹವೊಂದಕ್ಕೆ ‘ಧಾರವಾಡ’ವೆಂದೇ ಹೆಸರು. ಸಂಡೂರಿನಲ್ಲಿ ಹೆಮಟೈಟ್ ಮತ್ತು ಮ್ಯಾಂಗನೀಸ್, ಶಹಾಬಾದ್ ಬಾಗಲಕೋಟೆಗಳಲ್ಲಿ ಸುಣ್ಣದ ಕಲ್ಲು, ಇಳಕಲ್ಲಿನಲ್ಲಿ ಕೆಂಪು ಗ್ರಾನೈಟ್, ಹಟ್ಟಿಯಲ್ಲಿ ಇಂದಿಗೂ ನಡೆಯುತ್ತಿರುವ ಚಿನ್ನದ ಗಣಿ. ಬೇಲೂರು ಹಳೇಬೀಡುಗಳ ಶಿಲ್ಪಗಳು ಬಳಪದ ಕಲ್ಲಿನವು. ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಕಾಠಿಣ್ಯದ ಮೆಟ್ಟಿಲುಗಳಲ್ಲಿ ಟಾಲ್ಕ್ ಖನಿಜದ್ದು ಮೊದಲನೆಯ ಸ್ಥಾನ, ವಜ್ರದ್ದು ಹತ್ತನೆಯದು. ಬಳಪ ಮೃದುವಾಗಿರುವುದು ಈ ಟಾಲ್ಕಿನಿಂದಲೇ. ಉಗುರಿನ ಕಾಠಿಣ್ಯ ಎರಡೂವರೆ, ಗಾಜಿನದು ಸುಮಾರು ಐದೂವರೆ, ಬೆಣಚುಕಲ್ಲಿನದು ಏಳು. ಬಳಪವು ಉಗುರಿಗೆ ಗೀರುಬೀಳುವುದನ್ನೂ ಬೆಣಚುಕಲ್ಲು ಗಾಜನ್ನೇ ಗೀರುವುದನ್ನೂ ಕಂಡ ಮಗುವಿಗೆ ಹೊಯ್ಸಳ ಶಿಲ್ಪಿ ಯಾವ ಕಲ್ಲನ್ನು ಏಕೆ ಆಯ್ದನೆಂಬುದು ತಾನಾಗಿ ಹೊಳೆಯುತ್ತದೆ. ಸುಣ್ಣದ ಕಲ್ಲಿನ ಪುಡಿಗೆ ಹುಳಿ ಬಿದ್ದರೆ ನೊರೆಯೇಳುತ್ತದೆ. ಜನರು ಕಾಗೆಬಂಗಾರವೆನ್ನುವ ಅಭ್ರಕ ಹಾಳೆಹಾಳೆಯಾಗಿ ಬಿಡಿಸಿಕೊಳ್ಳುತ್ತದೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ಪ್ರಾಚೀನ ಕಾಲದಲ್ಲಿ ನೀರಿನಡಿಯಲ್ಲಿ ಹರಿದು ದಿಂಬಿನಾಕಾರದಲ್ಲಿ ಹೆಪ್ಪುಗಟ್ಟಿದ ಲಾವಾ ಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿವೆ. ಅಲ್ಲಿಂದ ಚೂರನ್ನೂ ಒಡೆದು ತರಬಾರದು. ಆದರೆ ಮಕ್ಕಳನ್ನು ಕರೆದೊಯ್ದು ತೋರಿಸಲು ಯಾರ ಅಡ್ಡಿಯಿದೆ?

ಮೂರನೆಯ ಆಕ್ಷೇಪ ಪರೀಕ್ಷೆ. ಪ್ರಯೋಗಕ್ಕೆ ಕುಳಿತರೆ ಪಾಠ ಮುಗಿಯದು, ಫಲಿತಾಂಶ ಇಳಿಯುತ್ತದೆ ಎನ್ನುತ್ತಾರೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮವನ್ನು ಅಂಥವರು ನೆನೆಯಲಿ. ಅಲ್ಲಿನ ಹಳ್ಳಿಯ ಮಕ್ಕಳು ಗುಂಪುಗಳಲ್ಲಿ ಪ್ರಯೋಗ ಮಾಡಿಯೇ ವಿಜ್ಞಾನ ಕಲಿತರು. ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ ಬರೆದರು. ಪರೀಕ್ಷೆಯಲ್ಲಿ ಪ್ರಯೋಗವೂ ಇತ್ತು. ಸರ್ಕಾರ 2002ರಲ್ಲಿ ಅದನ್ನು ನಿಲ್ಲಿಸುವ ಹೊತ್ತಿಗೆ ಅದು ನೂರಾರು ಶಾಲೆಗಳಿಗೆ ಹಬ್ಬಿತ್ತು. ಸಾಮಾನ್ಯ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷ ನಡೆದದ್ದು, ಗುರುಗಳೂ ಮಕ್ಕಳೂ ಒಂದೇ ಆವರಣದಲ್ಲಿ ಹಗಲಿರುಳು ಇರುವ ಮಠದ ವಸತಿ ಶಾಲೆಗಳಲ್ಲಿ ನಡೆಯದೆಂದರೆ ಒಪ್ಪುವವರಾರು?

ಈಚೆಗೆ ನಾಲ್ಕನೆಯ ಸಮಾಧಾನವೊಂದು ಹುಟ್ಟಿಕೊಂಡಿದೆ: ‘ಎಲ್ಲವನ್ನೂ ಪರದೆಯ ಮೇಲೆ ತೋರಿಸುತ್ತೇವೆ’ ಎಂಬುದು. ಪರದೆಯ ಮೇಲಿನ ಕಲ್ಲಿಗೆ ತೂಕವಿಲ್ಲ. ಸಾಂದ್ರತೆಯನ್ನು ಮೊದಲು ಅರಿಯುವುದು ಅಂಗೈ. ಚಿತ್ರವು ನೆರವಾಗಬಹುದು, ಕಲ್ಲಿನ ಸ್ಥಾನವನ್ನು ಆಕ್ರಮಿಸಕೂಡದು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. ಪ್ರಯೋಗವನ್ನೇ ಮಾಡಿಸದೆ ಪ್ರಯೋಗದ ಪುಸ್ತಕದಲ್ಲಿ ಅಂಕಿಗಳನ್ನು ಬರೆಸುವ ರೂಢಿ ಅನೇಕ ಶಾಲೆಗಳಲ್ಲಿದೆ. ಹಿಂದಿನ ವರ್ಷದ ಪುಸ್ತಕವನ್ನು ಈ ವರ್ಷದವರು ನಕಲು ಮಾಡುತ್ತಾರೆ. ಪ್ರಯೋಗ ಮಾಡಿಸುವಲ್ಲಿಯೂ 4.8 ಬಂದರೆ ಅಳಿಸಿ 5.2 ಎಂದು ಬರೆಯಿಸುತ್ತಾರೆ. ಗೋಡೆಯ ಮೇಲೆ ‘ಸತ್ಯಶುದ್ಧ ಕಾಯಕ’ವೆಂಬ ಮಾತು, ಅದರ ಕೆಳಗೇ ಕುಳಿತು ಮಗು ತಾನು ಕಾಣದ ಅಂಕಿಯನ್ನು ಕಂಡೆನೆಂದು ಬರೆಯುತ್ತದೆ! ಸುಳ್ಳಿನ ಮೊದಲ ಪಾಠವನ್ನು ಹನ್ನೆರಡರ ವಯಸ್ಸಿನಲ್ಲಿ, ಗುರುವಿನ ಕೈಯಿಂದಲೇ, ಅಂಕಗಳ ಸಮೇತ ಕಲಿಸುತ್ತಿದ್ದೇವೆ. 4.8 ಬಂದರೆ ತಪ್ಪೇನಿದೆ? ಕಲ್ಲಿನಲ್ಲಿ ಬೇರೆ ಖನಿಜ ಬೆರೆತಿರಬಹುದು, ಗುಳ್ಳೆಗಳು ಅಂಟಿರಬಹುದು, ನೀರಿನ ಮಟ್ಟವನ್ನು ಓರೆಯಾಗಿ ಓದಿರಬಹುದು. ಅದನ್ನು ಹುಡುಕುವುದೇ ವಿಜ್ಞಾನ. ಕಂಡದ್ದನ್ನು ಕಂಡಂತೆ ಬರೆಯುವುದೇ ಶೀಲ.

ಈ ಅಜ್ಞಾನದ ಬೆಲೆಯನ್ನು ನಾಡು ಈಗಾಗಲೇ ತೆತ್ತಿದೆ. ಬಳ್ಳಾರಿಯ ಅದಿರು ಲಾರಿಗಳು ಅತಿಭಾರ ಹೊತ್ತು ನಮ್ಮ ರಸ್ತೆಗಳನ್ನು ಪುಡಿಗಟ್ಟಿದ ವರ್ಷಗಳನ್ನು ಯಾರೂ ಮರೆತಿಲ್ಲ. ಲೋಕಾಯುಕ್ತ ವರದಿಯೂ ಆ ಅತಿಭಾರವನ್ನು ಪ್ರಸ್ತಾಪಿಸಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಗಣಿಗಾರಿಕೆಯನ್ನೇ ತಡೆಯಿತು. ಒಂದು ಘನಮೀಟರು ನೀರು ಒಂದು ಟನ್ ತೂಗಿದರೆ, ಒಡೆದ ಅದಿರು ನಡುವಣ ಖಾಲಿ ಜಾಗವನ್ನು ಕಳೆದರೂ ಅದರ ಎರಡರಷ್ಟನ್ನು ಮೀರುತ್ತದೆ. ಅರ್ಧ ಖಾಲಿಯಂತೆ ಕಾಣುವ ಲಾರಿಯೂ ಮಿತಿ ಮೀರಿರಬಹುದು. ಇದನ್ನು ದಾರಿಬದಿಯಲ್ಲಿ ನಿಂತು ಲೆಕ್ಕ ಹಾಕಬಲ್ಲ ಏಳನೆಯ ತರಗತಿಯ ಮಕ್ಕಳು ಊರೂರಿಗೂ ಇದ್ದಿದ್ದರೆ, ಊರಿನವರು ಪ್ರಶ್ನಿಸದೆ ಇರುತ್ತಿದ್ದರೇ? ತನ್ನ ನೆಲದ ಕಲ್ಲಿನ ಹೆಸರನ್ನೂ ತೂಕವನ್ನೂ ಅರಿಯದವನ ನೆಲವನ್ನು ಅರಿತವನು ಹೊತ್ತೊಯ್ಯುತ್ತಾನೆ.

ಆದುದರಿಂದ ಶಾಲೆಗಳ ಆಡಳಿತವನ್ನು ನಡೆಸುವ ಮಹನೀಯರಲ್ಲಿ ನನ್ನ ಒತ್ತಾಯ ಮೂರು. ಪ್ರಯೋಗಶಾಲೆಯ ಬೀರುವಿನ ಬೀಗದ ಕೈ ವಿಜ್ಞಾನದ ಗುರುಗಳ ಬಳಿ ಇರಲಿ. ಜಾಡಿ ಒಡೆದರೆ ಅವರ ಸಂಬಳದಿಂದ ಮುರಿಯುವ ಕ್ರಮ ನಿಲ್ಲಲಿ. ಈ ಪಾಠಗಳ ಅರ್ಧದಷ್ಟು ಅಂಕಗಳು, ಮಗು ಕಾಣದ ಕಲ್ಲೊಂದನ್ನು ಕೈಗಿತ್ತು ನಡೆಸುವ ಪರೀಕ್ಷೆಗೆ ಮೀಸಲಾಗಲಿ. ಪ್ರಯೋಗ ಮಾಡದೆ ಬರೆಸಿದ ಪುಸ್ತಕಕ್ಕೆ ಯಾವ ಗುರುವೂ ಸಹಿ ಹಾಕದಿರಲಿ.

ಹಳೆಯ ವಿದ್ಯಾರ್ಥಿಗಳಾದ ತಮ್ಮಲ್ಲಿಯೂ ಒಂದು ಬಿನ್ನಹವಿದೆ. ಮುಂದಿನ ಜಾತ್ರೆಗೆ ಬರುವಾಗ ತಮ್ಮ ಹೊಲದ, ಹಳ್ಳದ ಒಂದೊಂದು ಕಲ್ಲನ್ನು ತನ್ನಿರಿ. ಊರಿನ ಹೆಸರನ್ನೂ ದೊರೆತ ಸ್ಥಳವನ್ನೂ ಚೀಟಿಯಲ್ಲಿ ಬರೆದು ತಾವು ಕಲಿತ ಶಾಲೆಗೆ ಒಪ್ಪಿಸಿರಿ. ಸಾಧ್ಯವಾದವರು ಜೊತೆಗೊಂದು ಅಳತೆ ಜಾಡಿಯನ್ನು ಕೊಡಿರಿ. ಹೆಸರಿನ ಫಲಕ ಬೇಡ. ಒಪ್ಪಿಸಿದ ಮೇಲೆ ಅಲ್ಲಿಯೇ ಅರ್ಧ ಗಂಟೆ ನಿಂತು, ಆ ಕಲ್ಲನ್ನು ಮಕ್ಕಳು ತೂಗುವುದನ್ನು, ನೀರಿಗಿಳಿಸುವುದನ್ನು, ಬಂದ ಅಂಕಿಯನ್ನು ಬಂದಂತೆಯೇ ಬರೆಯುವುದನ್ನು ಕಣ್ಣಾರೆ ನೋಡಿರಿ. ಬೀರುವಿಗೆ ಬೀಗ ಬಿದ್ದಿದ್ದರೆ, ಏಕೆಂದು ಕೇಳದೆ ಹಿಂದಿರುಗಬೇಡಿ.