ಲ್ಯಾಪ್‌ಟಾಪ್‌ಗೂ ಒಂದು ಮಣೆ ಹಾಕಿ

ಕಂಪ್ಯೂಟರ್ ನಿಧಾನವಾಯಿತೆಂದರೆ ನಮ್ಮಲ್ಲಿ ಮೂರು ತೀರ್ಪುಗಳು ಸಿದ್ಧವಾಗಿರುತ್ತವೆ. ವೈರಸ್ ಬಂದಿದೆ, ರ‍್ಯಾಮ್ ಸಾಲದು, ಹಳೇದಾಯ್ತು ಹೊಸದು ತಗೊಳ್ಳಿ. ಮೂರನೆಯದನ್ನು ಹೇಳುವವರೇ ಜಾಸ್ತಿ, ದುಡ್ಡು ಅವರದಲ್ಲವಲ್ಲ! ಪ್ರೊಸೆಸರ್ ಎಷ್ಟು ಬಿಸಿಯಾಗಿದೆ, ಮೊದಲು ಅದನ್ನು ನೋಡೋಣ ಎನ್ನುವವರು ಅಪರೂಪ. ಮಗುವಿನ ಮೈ ತುಸು ಬೆಚ್ಚಗಿದ್ದರೂ ಥರ್ಮಾಮೀಟರ್ ಹುಡುಕುವ ಮನೆಗಳಲ್ಲೇ, ಕಂತು ಕಟ್ಟಿ ತಂದ ಲ್ಯಾಪ್‌ಟಾಪ್ ತೊಡೆ ಸುಡುತ್ತಿದ್ದರೆ ನಡುವೆ ಒಂದು ದಿಂಬು ಇಟ್ಟುಕೊಂಡು ಕೆಲಸ ಮುಂದುವರಿಸುತ್ತಾರೆ. ಅರ್ಧ ತೊಂದರೆ ಆ ದಿಂಬಿನದೇ.

ಇದೆಲ್ಲ ಗೇಮ್ ಆಡುವವರ ತಲೆನೋವು, ನಮಗೇಕೆ ಎನ್ನಬಹುದು. ನನ್ನ ಪ್ರಕಾರ ಕೆಲಸ ಹುಡುಕುವವರಿಗೇ ಇದು ಹೆಚ್ಚು ಮುಖ್ಯ. ನೇಮಕಾತಿಯ ಮೊದಲ ಸುತ್ತು ಈಗ ಎಷ್ಟೋ ಕಂಪನಿಗಳಲ್ಲಿ ಮನೆಯಿಂದಲೇ ಬರೆಯುವ ಆನ್‌ಲೈನ್ ಪರೀಕ್ಷೆ. ಕ್ಯಾಮೆರಾ ಚಾಲೂ ಇರಬೇಕು, ಮೈಕ್ ಚಾಲೂ ಇರಬೇಕು, ನಮ್ಮ ಸ್ಕ್ರೀನ್ ಅವರಿಗೆ ಕಾಣುತ್ತಿರಬೇಕು. ನಾವು ಪ್ರಶ್ನೆ ಓದುತ್ತ ಸುಮ್ಮನೆ ಕುಳಿತಿದ್ದರೂ ಒಳಗೆ ಪ್ರೊಸೆಸರ್ ಒಂದೇ ಸಮನೆ ದುಡಿಯುತ್ತಿರುತ್ತದೆ. ಇದರ ಮೇಲೆ ನಮ್ಮ ಬೇಸಿಗೆ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುವುದು ಹೊಸದೇನಲ್ಲ. ತಂಪು ಊರೆಂದು ಹೆಸರಾದ ಬೆಂಗಳೂರೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡಿದೆ. ಕೋಣೆ ಹತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಅದೇ ಕೆಲಸ ಮಾಡುವ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಹತ್ತು ಡಿಗ್ರಿ ಮೇಲೇರುತ್ತದೆ. ಒಳಗಿನ ಫ್ಯಾನ್ ಎಳೆದುಕೊಳ್ಳುವುದು ನಮ್ಮ ಕೋಣೆಯ ಗಾಳಿಯನ್ನೇ ತಾನೆ, ಮಡಿಕೇರಿಯ ಗಾಳಿಯನ್ನಲ್ಲ.

ಗೆಳೆಯನೊಬ್ಬನ ಐದು ವರ್ಷದ ಲ್ಯಾಪ್‌ಟಾಪ್ ಇಂಥ ಒಂದು ಪರೀಕ್ಷೆಯ ನಡುವೆ ತಟಕ್ಕನೆ ಆಫ್ ಆಯಿತು. ಮತ್ತೆ ಆನ್ ಮಾಡಿ ಒಳಹೋಗುವಷ್ಟರಲ್ಲಿ ಪರೀಕ್ಷೆ ಮುಗಿದಿದೆ ಎಂಬ ಸಂದೇಶ ಕಾದಿತ್ತು. ಒಂದು ಅಂಗಡಿಯಲ್ಲಿ ಮದರ್‌ಬೋರ್ಡ್ ಹೋಗಿದೆ, ಒಂಬತ್ತು ಸಾವಿರ ಆಗುತ್ತದೆ ಎಂದರು. ಇನ್ನೊಬ್ಬರು ಬಿಚ್ಚಿ ನೋಡಿದರೆ ಫ್ಯಾನಿಗೂ ಅದರ ಮುಂದಿನ ತೆಳು ತಗಡುಗಳಿಗೂ ನಡುವೆ ಧೂಳು ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿ ಕೂತಿತ್ತು. ಅದನ್ನು ತೆಗೆದು ಹೊಸ ಪೇಸ್ಟ್ ಹಚ್ಚಿದ್ದಕ್ಕೆ ಐನೂರು ರೂಪಾಯಿ. ಲ್ಯಾಪ್‌ಟಾಪ್ ಇಂದಿಗೂ ಓಡುತ್ತಿದೆ. ಆ ಕಂಪನಿಯ ಪರೀಕ್ಷೆ ಮಾತ್ರ ಮತ್ತೆ ಬರೆಯಲು ಸಿಗಲಿಲ್ಲ.

ಪ್ರೊಸೆಸರ್ ಬಿಸಿಯಾಗುವುದು ಅದರ ಹುಟ್ಟುಗುಣ. ಒಳಗೆ ಹೋದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಸಾಧಾರಣ ಡೆಸ್ಕ್‌ಟಾಪ್ ಪ್ರೊಸೆಸರ್‌ನ ಡಬ್ಬಿಯ ಮೇಲೆ 65 ವ್ಯಾಟ್ ಎಂದು ಬರೆದಿರುತ್ತದೆ, ಪೂರ್ಣ ವೇಗದಲ್ಲಿ ಎಷ್ಟೋ ಸಲ ಅದನ್ನೂ ಮೀರುತ್ತದೆ. ಹಳೆಯ 60 ವ್ಯಾಟಿನ ಹಳದಿ ಬಲ್ಬನ್ನು ಉರಿಯುವಾಗ ಮುಟ್ಟಿ ಬೆರಳು ಸುಟ್ಟುಕೊಂಡವರಿಗೆ ಇದೆಂಥ ಶಾಖವೆಂದು ಗೊತ್ತು. ಅಷ್ಟೂ ಶಾಖ ಹೆಬ್ಬೆರಳಿನ ಉಗುರಿನಷ್ಟು ಚೂರಿನಿಂದ ಹೊರಬರಬೇಕು. ಮೊದಲು ಪೇಸ್ಟ್ ಮೂಲಕ ತಾಮ್ರ ಅಥವಾ ಅಲ್ಯೂಮಿನಿಯಂ ಹೀಟ್‌ಸಿಂಕ್‌ಗೆ, ಅಲ್ಲಿಂದ ತೆಳು ತಗಡುಗಳಿಗೆ, ಅಲ್ಲಿಂದ ಫ್ಯಾನಿನ ಗಾಳಿಗೆ. ಈ ದಾರಿಯಲ್ಲಿ ಎಲ್ಲಿ ಅಡ್ಡಿಯಾದರೂ ಬಿಸಿ ಹಿಂದಕ್ಕೆ ನಿಲ್ಲುತ್ತದೆ. ಪೇಸ್ಟ್ ಎಂಬುದು ಅಂಟಲ್ಲ. ಕಣ್ಣಿಗೆ ನುಣುಪಾಗಿ ಕಾಣುವ ಎರಡು ಲೋಹಗಳ ನಡುವೆಯೂ ಸಣ್ಣ ಸಣ್ಣ ಗುಂಡಿಗಳಿರುತ್ತವೆ, ಅಲ್ಲಿ ಗಾಳಿ ಉಳಿಯುತ್ತದೆ, ಗಾಳಿ ಶಾಖವನ್ನು ದಾಟಿಸುವುದರಲ್ಲಿ ಬಲು ಸೋಮಾರಿ. ಆ ಗುಂಡಿಗಳನ್ನು ತುಂಬುವುದಷ್ಟೇ ಪೇಸ್ಟಿನ ಕೆಲಸ. ವರ್ಷಗಳು ಕಳೆದಂತೆ ಅದು ಒಣಗಿ ಬಿರುಕು ಬಿಡುತ್ತದೆ.

2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಜಾಲತಾಣದವರು ಒಂದು ಪ್ರಯೋಗ ಮಾಡಿ ವಿಡಿಯೊ ತೆಗೆದರು. ಗೇಮ್ ಓಡುತ್ತಿರುವಾಗಲೇ ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್ ಕಿತ್ತರು. ಆ ಕಾಲದ ಎಎಂಡಿ ಅಥ್ಲಾನ್ ಹೊಗೆಯೆದ್ದು ಸತ್ತಿತು. ಇಂಟೆಲ್‌ನ ಪೆಂಟಿಯಂ 4 ಕುಂಟುತ್ತ ಕುಂಟುತ್ತ ಓಡುತ್ತಲೇ ಇತ್ತು. ತನ್ನ ಬಿಸಿಯನ್ನು ತಾನೇ ಅಳೆದು ವೇಗ ತಗ್ಗಿಸಿಕೊಳ್ಳುವ ಈ ಗುಣ ಈಗ ಎಲ್ಲ ಕಂಪನಿಗಳ ಪ್ರೊಸೆಸರ್‌ನಲ್ಲೂ ಇದೆ. ವೇಗ ಇಳಿಸಿದರೂ ಬಿಸಿ ಇಳಿಯದಿದ್ದರೆ ತಾನೇ ಆಫ್ ಆಗುತ್ತದೆ. ಒಳ್ಳೆಯದೇ, ಆದರೆ ಒಂದು ಎಡವಟ್ಟೂ ಇದೆ. ಅಂದು ಹೊಗೆ ಕಾಣುತ್ತಿತ್ತು, ಇಂದು ಬರೀ ನಿಧಾನ ಕಾಣುತ್ತದೆ. ಆ ನಿಧಾನವನ್ನು ನಾವು ಮುಪ್ಪು ಎಂದುಕೊಂಡು ಹೊಸ ಲ್ಯಾಪ್‌ಟಾಪಿನ ಬೆಲೆ ಹುಡುಕಲು ಕೂರುತ್ತೇವೆ.

ಹಾಗಾದರೆ ಎಷ್ಟು ಬಿಸಿ ಸರಿ? ಇಂಟೆಲ್‌ನ ಇತ್ತೀಚಿನ ಬಹುಪಾಲು ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ ಸೆಲ್ಸಿಯಸ್ ಅಥವಾ ಅದರ ಆಸುಪಾಸು. ಎಎಂಡಿಯ ರೈಜನ್ 7000 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಂತೂ ಭಾರಿ ಕೆಲಸದಲ್ಲಿ 95 ಡಿಗ್ರಿಯವರೆಗೆ ಏರುವಂತೆಯೇ ರೂಪಿಸಿದ್ದಾಗಿ ಕಂಪನಿಯೇ ಹೇಳಿದೆ. ಹೀಗಾಗಿ ವಿಡಿಯೊ ಎಡಿಟ್ ಮಾಡುವಾಗ ಲ್ಯಾಪ್‌ಟಾಪ್ 88 ತೋರಿಸಿತೆಂದು ಗಾಬರಿ ಬೀಳಬೇಕಿಲ್ಲ. ಏನೂ ಕೆಲಸವಿಲ್ಲದೆ ಹತ್ತು ನಿಮಿಷ ಬಿಟ್ಟಾಗಲೂ 70ರಿಂದ ಇಳಿಯುತ್ತಿಲ್ಲವೆಂದರೆ ಮಾತ್ರ ವಿಚಾರಿಸಬೇಕು. ಇನ್ನೊಂದು ತುದಿಯ ಜನರೂ ಇದ್ದಾರೆ, 72 ಇದ್ದದ್ದನ್ನು 69 ಮಾಡಲು ತಿಂಗಳಿಗೊಮ್ಮೆ ಪೇಸ್ಟ್ ಬದಲಿಸುವವರು. ಅದು ಹವ್ಯಾಸ, ಮಾಡಿಕೊಳ್ಳಲಿ ಬಿಡಿ.

ನೋಡುವುದು ಕಷ್ಟವೇನಿಲ್ಲ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಪ್ರೊಸೆಸರ್‌ನ ವೇಗ, ಬಳಕೆ ಹೇಳುತ್ತದೆ, ಅದರ ಬಿಸಿ ಹೇಳುವುದಿಲ್ಲ. ಅದಕ್ಕೆ ಎಚ್‌ಡಬ್ಲ್ಯೂಇನ್ಫೊ, ಕೋರ್ ಟೆಂಪ್‌ನಂಥ ಉಚಿತ ತಂತ್ರಾಂಶಗಳಿವೆ, ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ಲಿನಕ್ಸ್ ಬಳಸುವವರಿಗೆ ಎಲ್‌ಎಂ-ಸೆನ್ಸರ್ಸ್ ಇದೆ. ಬಿಸಿ ಮತ್ತು ವೇಗ ಎರಡನ್ನೂ ಒಟ್ಟಿಗೆ ನೋಡಬೇಕು. ಬಿಸಿ ಮಿತಿಗೆ ತಾಗಿ, ವೇಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಬರೆದಿರುವ ಬೇಸ್ ಸ್ಪೀಡ್‌ಗಿಂತ ಕೆಳಗೆ ಜಾರಿದ್ದರೆ ನಿಮ್ಮ ಕಂಪ್ಯೂಟರ್ ಏದುಸಿರು ಬಿಡುತ್ತಿದೆ ಎಂದೇ ಅರ್ಥ. ಸುಮ್ಮನಿದ್ದಾಗ ಎಷ್ಟು, ಹತ್ತು ನಿಮಿಷದ ವಿಡಿಯೊ ಕರೆಯ ನಂತರ ಎಷ್ಟು ಎಂದು ತಾರೀಕು ಹಾಕಿ ಬರೆದಿಟ್ಟುಕೊಳ್ಳಿ. ಆರು ತಿಂಗಳ ಬಳಿಕ ಅದೇ ಕೆಲಸಕ್ಕೆ ಹದಿನೈದು ಡಿಗ್ರಿ ಏರಿದ್ದರೆ ಕಾರಣ ಹುಡುಕಲು ಆ ಚೀಟಿ ಸಾಕು. ಬೇರೆಯವರ ಅಂಕಿಗೆ ನಿಮ್ಮದನ್ನು ಹೋಲಿಸಿ ಪ್ರಯೋಜನವಿಲ್ಲ.

ಈ ಅಂಕಿ ಕಳ್ಳರನ್ನೂ ಹಿಡಿದುಕೊಡುತ್ತದೆ. ಪುಕ್ಕಟೆ ಸಿಕ್ಕಿತೆಂದು ಹಾಕಿಕೊಂಡ ಕ್ರ್ಯಾಕ್ ಮಾಡಿದ ತಂತ್ರಾಂಶದ ಜೊತೆ ನಮ್ಮ ಪ್ರೊಸೆಸರ್‌ನಲ್ಲಿ ಯಾರದೋ ಪರವಾಗಿ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ನಡೆಸುವ ಕುತಂತ್ರಾಂಶವೂ ಬಂದಿರಬಹುದು. ಇವುಗಳಲ್ಲಿ ಕೆಲವು ಎಷ್ಟು ಜಾಣವೆಂದರೆ ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಕೆಲಸ ನಿಲ್ಲಿಸಿ ಬೆಕ್ಕಿನಂತೆ ಕೂತುಬಿಡುತ್ತವೆ. ಮುಟ್ಟದೇ ಇಟ್ಟ ಲ್ಯಾಪ್‌ಟಾಪಿನ ಫ್ಯಾನ್ ಮಧ್ಯರಾತ್ರಿ ಕಿರುಚುತ್ತಿದ್ದರೆ ಅನುಮಾನಪಡುವುದು ತಪ್ಪಲ್ಲ.

ಇನ್ನು ಪರಿಹಾರ. ಮೊದಲನೆಯದು ಪುಕ್ಕಟೆ. ಬಹುತೇಕ ಲ್ಯಾಪ್‌ಟಾಪ್‌ಗಳು ಅಡಿಯ ಗಾಳಿಕಿಂಡಿಗಳಿಂದ ಉಸಿರಾಡುತ್ತವೆ. ಹಾಸಿಗೆ, ದಿಂಬು, ತೊಡೆ ಇವೆಲ್ಲ ಆ ಕಿಂಡಿಗೆ ಒತ್ತಿಕೊಂಡು ಉಸಿರು ಕಟ್ಟಿಸುತ್ತವೆ. ಅಟ್ಟದ ಮೇಲೆ ಎಸೆದಿರುವ ಊಟಕ್ಕೆ ಕೂರುವ ಮರದ ಮಣೆ ಇಳಿಸಿ, ಒರೆಸಿ, ಅದರ ಮೇಲೆ ಇಡಿ. ಹಿಂಬದಿಗೆ ಎರಡು ಬಾಟಲಿ ಮುಚ್ಚಳ ಕೊಟ್ಟು ತುಸು ಎತ್ತರಿಸಿದರೆ ಇನ್ನೂ ಕೆಲವು ಡಿಗ್ರಿ ಇಳಿಯಬಹುದು. ಚಪಾತಿ ಮಣೆ ಬೇಡ, ಅದು ಚಿಕ್ಕದು, ಲ್ಯಾಪ್‌ಟಾಪಿನ ರಬ್ಬರ್ ಕಾಲುಗಳು ಹೊರಗೆ ಉಳಿದು ಕಿಂಡಿಯೇ ಮುಚ್ಚಿಹೋಗುತ್ತದೆ. ಅಮ್ಮನೂ ಬಿಡುವುದಿಲ್ಲ.

ಮನೆಯ ಡೆಸ್ಕ್‌ಟಾಪಿನ ಕಥೆ ಬೇರೆ. ಅದನ್ನು ಕಂಪ್ಯೂಟರ್ ಟೇಬಲ್ಲಿನ ಗೂಡಿನಲ್ಲಿ ಗೋಡೆಗೆ ಆನಿಸಿ, ಧೂಳಾಗದಿರಲೆಂದು ಮೇಲೊಂದು ಹೂವಿನ ಕಸೂತಿಯ ಬಟ್ಟೆ ಹೊದಿಸಿ ಇಟ್ಟಿರುತ್ತೇವೆ. ಓಡುವಾಗ ಬಟ್ಟೆ ತೆಗೆದು, ಗೋಡೆಯಿಂದ ಒಂದು ಗೇಣು ಮುಂದೆ ಎಳೆದರೆ ಸಾಕು. ಇಂಟೆಲ್ ಪ್ರೊಸೆಸರ್ ಜೊತೆ ಬರುವ ಕೂಲರ್ ಇದ್ದರೆ ಅದರ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳನ್ನು ಪರೀಕ್ಷಿಸಿ. ನಾಲ್ಕರಲ್ಲಿ ಒಂದು ಸಡಿಲವಾಗಿದ್ದರೂ ಹೀಟ್‌ಸಿಂಕ್ ಓರೆಯಾಗಿ ಕೂತು ಬಿಸಿ ಏರುತ್ತದೆ. ಪೇಸ್ಟ್ ಬದಲಿಸುವುದಾದರೆ ಹಳೆಯದನ್ನು ಪೂರ್ತಿ ಒರೆಸಿ ತೊಗರಿಕಾಳಿನಷ್ಟು ಹಾಕಿ. ಚಪಾತಿಗೆ ತುಪ್ಪ ಸವರಿದಂತೆ ಬಳಿಯಬಾರದು.

ಧೂಳು ತೆಗೆಯಲು ಒಂದು ಒಣ ಪೇಂಟ್ ಬ್ರಷ್, ಸಣ್ಣ ಬ್ಲೋವರ್ ಸಾಕು. ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು ಊದಿ. ಕೆಲವರು ಕ್ಯಾಬಿನೆಟ್ಟನ್ನೇ ಬೈಕ್ ವಾಟರ್ ಸರ್ವಿಸ್‌ನವರ ಬಳಿ ಒಯ್ದು ಕಂಪ್ರೆಸರ್ ಹೊಡೆಸುತ್ತಾರೆ. ಆ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಇರಬಹುದು. ವಾರಂಟಿ ಇರುವ ಲ್ಯಾಪ್‌ಟಾಪನ್ನು ಬಿಚ್ಚಬೇಡಿ, ಹೊರಗಿನಿಂದ ಊದಿ ಅಥವಾ ಕಂಪನಿಯ ಸರ್ವಿಸ್ ಸೆಂಟರಿಗೆ ಕೊಡಿ. ಅಡಿಗೆ ಐಸ್, ಒದ್ದೆ ಬಟ್ಟೆ ಇಡುವ ಸಾಹಸವೂ ಬೇಡ, ಒಳಗೆ ತೇವ ಕೂತರೆ ನಿಜಕ್ಕೂ ಮದರ್‌ಬೋರ್ಡ್ ಹೋಗುತ್ತದೆ. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ ಅದು ಬ್ಯಾಟರಿ ಊದಿಕೊಂಡ ಲಕ್ಷಣವಿರಬಹುದು, ತಕ್ಷಣ ಬಳಕೆ ನಿಲ್ಲಿಸಿ ತೋರಿಸಿ.

ನಾಳೆ ಬೆಳಿಗ್ಗೆಯೇ ಪರೀಕ್ಷೆ, ರಿಪೇರಿಗೆ ಹೊತ್ತಿಲ್ಲ ಎನ್ನುವವರಿಗೆ ಒಂದು ಉಪಾಯವಿದೆ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂಬುದನ್ನು 100ರಿಂದ 99ಕ್ಕೆ ಇಳಿಸಿ. ಒಂದೇ ಅಂಕಿ ಇಳಿದರೂ ಸಾಮಾನ್ಯವಾಗಿ ಪ್ರೊಸೆಸರ್‌ನ ಟರ್ಬೊ ಓಟ ನಿಲ್ಲುತ್ತದೆ, ಬಿಸಿ ಗಣನೀಯವಾಗಿ ಇಳಿಯುತ್ತದೆ. ವೇಗ ಹೆಚ್ಚಿಸಲು ವೋಲ್ಟೇಜ್ ಕೂಡ ಏರಿಸಬೇಕಾಗುತ್ತದೆ, ವೋಲ್ಟೇಜ್ ಏರಿದಂತೆ ವಿದ್ಯುತ್ ಬಳಕೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ ಕೊನೆಯ ಸ್ವಲ್ಪ ವೇಗಕ್ಕೇ ಅತಿ ಹೆಚ್ಚು ಶಾಖ. ಪ್ರಶ್ನೆಗೆ ಉತ್ತರ ಗುರುತಿಸಲು ಆ ಟರ್ಬೊ ಬೇಕಿಲ್ಲ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಕಾಣಿಸದು, ಅಲ್ಲಿ ಬ್ಯಾಟರಿ ಉಳಿಸುವ ಮೋಡ್ ಹಾಕಿ ನೋಡಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಇದೇ ಅಳತೆಗೋಲು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ಆಗಲಿ, ನಿಮ್ಮೂರಿನ ಪರಿಚಯದವರ ಬಳಿಯೇ ಆಗಲಿ, ದುಡ್ಡು ಎಣಿಸುವ ಮೊದಲು ಲ್ಯಾಪ್‌ಟಾಪಿನಲ್ಲಿ ನಾಲ್ಕು ವಿಡಿಯೊ ಒಟ್ಟಿಗೆ ಹಾಕಿ ಹತ್ತು ನಿಮಿಷ ಓಡಿಸಿ, ಬಿಸಿ ಮತ್ತು ವೇಗ ನೋಡಿ. ಹೊರಮೈಗೆ ಪಾಲಿಶ್ ಕೊಡಬಹುದು, ಸ್ಟಿಕ್ಕರ್ ಬದಲಿಸಬಹುದು, ಈ ಎರಡು ಅಂಕಿಗಳನ್ನು ಅಂಗಡಿಯಲ್ಲಿ ನಿಂತು ಬದಲಿಸಲಾಗದು.

ಇಷ್ಟು ಸರಳ ಸಂಗತಿ ಕಂಪ್ಯೂಟರ್ ಓದಿದ ನಮಗೇ ಗೊತ್ತಿರುವುದಿಲ್ಲ ಎಂಬುದು ನನ್ನ ತಕರಾರು. ಸಿಪಿಯು ಚೌಕ ಬರೆದು, ಒಳಗೆ ಕಂಟ್ರೋಲ್ ಯುನಿಟ್, ಎಎಲ್‌ಯು ಎಂದು ಗುರುತಿಸಿ ಅಂಕ ತೆಗೆದುಕೊಂಡಿದ್ದೇವೆ. ಆ ಚೌಕದ ಮೇಲೆ ಒಂದು ಫ್ಯಾನ್ ಇರುತ್ತದೆಂದು ಯಾರೂ ಬರೆಸಲಿಲ್ಲ. ಲ್ಯಾಬಿನಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಬೈಗುಳ. ಹಾಳಾದರೆ ಯಾರು ಹೊಣೆ ಎಂಬ ಲ್ಯಾಬ್ ಸಿಬ್ಬಂದಿಯ ಭಯ ನನಗೆ ಅರ್ಥವಾಗುತ್ತದೆ, ಬೆಲೆಬಾಳುವ ಸಾಮಾನು ಅವರ ಹೆಸರಿನಲ್ಲಿರುತ್ತದೆ. ಆದರೆ ಪ್ರತಿ ಕಾಲೇಜಿನ ಮೂಲೆಯಲ್ಲೂ ಲೆಕ್ಕದಿಂದ ತೆಗೆದುಹಾಕಲು ಕಾದಿರುವ ಹಳೆಯ ಕಂಪ್ಯೂಟರ್‌ಗಳ ರಾಶಿ ಇದೆ. ಅವುಗಳಲ್ಲಿ ಇನ್ನೂ ಓಡುವ ಒಂದನ್ನು ತಂದು, ಒಂದು ಸ್ಕ್ರೂಡ್ರೈವರ್, ಬ್ರಷ್, ಪೇಸ್ಟಿನ ಒಂದು ಟ್ಯೂಬ್ ಕೊಟ್ಟರೆ ಎರಡು ತಾಸಿನ ಪ್ರಾಕ್ಟಿಕಲ್ ಆಗುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕಾದ್ದು ಐದೇ ಅಂಕಿ: ಕೋಣೆಯ ಬಿಸಿ, ಧೂಳು ತೆಗೆಯುವ ಮೊದಲು ಪ್ರೊಸೆಸರ್‌ನ ಬಿಸಿ ಮತ್ತು ವೇಗ, ತೆಗೆದ ಮೇಲೆ ಅವೇ ಎರಡು.